ಕೆಂಪಯ್ಯನವರ ಪಾಕಕ್ಕೆ ನಾನು ಹಾಕಿದ ಬೆಳಕು

ಅದು 2023ರ ಜನವರಿ. ಮೂವತ್ತೆಂಟು ವರ್ಷ ಛಾಯಾಗ್ರಾಹಕನಾಗಿ ದುಡಿದು ನಿವೃತ್ತನಾದ ಮೇಲೆ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡಿದ್ದೆ. ವಾರಕ್ಕೆ ಎರಡು ದಿನ ಊರಿನ ಒಂದು ಕಾಲೇಜಿಗೆ ಹೋಗಿ ಕ್ಯಾಮರಾ ಪಾಠ ಹೇಳುತ್ತಿದ್ದೆ. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಅತಿಥಿ ಎಂದ ಮೇಲೆ ಒಂದಿಷ್ಟು ಉಪಚಾರವೂ ಇರಬೇಕಲ್ಲ, ನನ್ನ ಪಾಲಿಗೆ ಬಂದದ್ದು ಮೂರೂವರೆ ಕಾಲಿನ ಒಂದು ಕುರ್ಚಿ. ಆದರೂ ಮಕ್ಕಳ ಸಹವಾಸ ಸಿಹಿಯಾಗಿತ್ತು.

ಕೊನೆಯ ವರ್ಷದ ವಿದ್ಯಾರ್ಥಿಗಳು ಹತ್ತು ನಿಮಿಷದ ಕಿರುಚಿತ್ರ ಮಾಡಬೇಕಿತ್ತು. ಸುಮಾ ಎಂಬ ಹುಡುಗಿ ತನ್ನ ತಂದೆ ಕೆಂಪಯ್ಯನವರ ಮೇಲೆ ಚಿತ್ರ ಮಾಡುತ್ತೇನೆಂದು ಬಂದಳು. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವಾಗ ರಸ್ತೆಗೆ ಅಂಟಿಕೊಂಡಂತೆ ಇರುವ ಒಂದು ಆಲೆಮನೆಯಲ್ಲಿ ಅವರು ಪಾಕದವರು. ಅಂದರೆ, ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವ ಹದ ಬಂತೋ ಇಲ್ಲವೋ ಎಂದು ಹೇಳುವವರು. ಕುದಿಯುವುದಕ್ಕೆ ಎರಡು ಗಂಟೆಗೂ ಮೇಲೆ ಬೇಕು, ಆದರೆ ಹದ ನಿಲ್ಲುವುದು ಅರ್ಧ ನಿಮಿಷ. ಮುಂಚೆ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ. ತಡವಾದರೆ ಸೀದು ಕಪ್ಪಾಗುತ್ತದೆ.

"ನಮ್ಮಪ್ಪ ಇವತ್ತಿನವರೆಗೆ ಒಂದೂ ಕೊಪ್ಪರಿಗೆ ಕೆಡಿಸಿಲ್ಲ ಸಾರ್. ಆ ಅರ್ಧ ನಿಮಿಷ ನನ್ನ ಸಿನಿಮಾದಲ್ಲಿ ಬರ್ಬೇಕು, ಅಷ್ಟೇ" ಎಂದಳು.

ಕಾಲೇಜಿನ ಸಲಕರಣೆ ಒಂದು ತಂಡಕ್ಕೆ ಒಂದೇ ದಿನ. ಅವಳ ಪಟ್ಟಿ ಚಿಕ್ಕದು: ಒಂದು ಮಿರರ್‌ಲೆಸ್ ಕ್ಯಾಮರಾ, 50 ಎಂಎಂ ಲೆನ್ಸ್, ಒಂದು ಟ್ರೈಪಾಡ್, ಒಂದು ಗಿಂಬಲ್. ಗಿಂಬಲ್ ಎಂದರೆ ಕ್ಯಾಮರಾ ಹಿಡಿದು ನಡೆದರೂ ಚಿತ್ರ ಅಲುಗದಂತೆ ಕಾಯುವ ಸಾಧನ. ದೀಪಗಳ ಜಾಗದಲ್ಲಿ ಏನೂ ಬರೆದಿರಲಿಲ್ಲ. ನಾನು ನಕ್ಕೆ. "ಹೊಗೆ ಹಿಡಿದ ಕೊಟ್ಟಿಗೆ ಕಣಮ್ಮ ಅದು. ದೀಪ ಇಲ್ಲದೆ ಏನು ಕಾಣುತ್ತೆ?" ಎಂದು ನಾನೇ ಪೆನ್ನು ತೆಗೆದುಕೊಂಡು 200 ವಾಟಿನ ಎರಡು ಎಲ್‌ಇಡಿ ದೀಪ, ಹಳಿಯ ಮೇಲೆ ಉರುಳುವ ಟ್ರಾಲಿ, ಬೆಂಕಿಯ ರಂಗು ಬರಲೆಂದು ದೀಪದ ಮುಂದೆ ಸಿಕ್ಕಿಸುವ ಕಿತ್ತಳೆ ಬಣ್ಣದ ಜೆಲ್ ಹಾಳೆ, ಎಲ್ಲವನ್ನೂ ಸೇರಿಸಿದೆ. ಜಾಗವನ್ನು ಇನ್ನೂ ಕಣ್ಣಿನಿಂದ ನೋಡಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಮ್ಮಜ್ಜಿ ಅನ್ನುತ್ತಿದ್ದದ್ದು ಇಂಥವರನ್ನು ಕಂಡೇ ಇರಬೇಕು.

ಬೆಳಗ್ಗೆ ಎಂಟಕ್ಕೆ ಆಲೆಮನೆ ತಲುಪಿದೆವು. ಸುಮಾ, ಅವಳ ಇಬ್ಬರು ಸಹಪಾಠಿಗಳು, ನಾನು. ಗಾಣ ಗುಡುಗುಡು ತಿರುಗುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಬೀಳುತ್ತಿತ್ತು. ಆಲೆಮನೆಯ ಮಾಲೀಕ ಪುಟ್ಟಸ್ವಾಮಣ್ಣ ಬಾಗಿಲಲ್ಲೇ ನಿಂತು ನಮ್ಮ ಸಾಮಾನು ನೋಡಿ, "ಏನ್ ಮೇಷ್ಟ್ರೇ, ಸಿನಿಮಾ ತಗೀತೀರೋ, ಇಲ್ಲ ಲಗ್ನದ ಚಪ್ಪರ ಆಕ್ತೀರೋ?" ಎಂದ.

ಕೆಂಪಯ್ಯನವರು ಸಣ್ಣ ಆಳು, ಐವತ್ತಾರರ ವಯಸ್ಸು. ಬಾಯಿ ಮಾತ್ರ ಸುಮ್ಮನಿರದು. ಕೊಪ್ಪರಿಗೆ ಕದಡುತ್ತಲೇ ಊರ ಸುದ್ದಿಯನ್ನೆಲ್ಲ ನಮಗೆ ಬಡಿಸಿದರು. ಅವರ ಹಿಂದೆ ತಣ್ಣೀರಿನ ಒಂದು ಬೋಗುಣಿ ಇತ್ತು. ಪಾಕದ ತೊಟ್ಟನ್ನು ಅದಕ್ಕೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಖಾತ್ರಿ ಮಾಡಿಕೊಳ್ಳುವುದು ರೂಢಿ. ಅದು ನನ್ನ ಟ್ರಾಲಿಯ ಹಾದಿಗೆ ಅಡ್ಡ ಬಂತು.

"ಯಜಮಾನ್ರೇ, ಇದನ್ನ ಆಚೆ ಇಡಬಹುದಾ?"

ಅವರು ಒಂದು ಗಳಿಗೆ ಬೋಗುಣಿ ನೋಡಿದರು, ಮಗಳನ್ನು ನೋಡಿದರು. "ಇಡಿ ಸಾ, ಅದ್ಕೇನಂತೆ. ನೊರೆ ಬಣ್ಣ ನೋಡುದ್ರೇ ನಂಗೆ ಗೊತ್ತಾಯ್ತದೆ" ಎಂದರು. ಮೇಷ್ಟ್ರ ಮಾತಿಗೆ ಇಲ್ಲ ಅನ್ನಬಾರದೆಂಬ ದಾಕ್ಷಿಣ್ಯ ಅದು. ನನಗೆ ತಿಳಿಯಬೇಕಿತ್ತು, ತಿಳಿಯಲಿಲ್ಲ.

ದೀಪ ಹತ್ತಿಸಿದೆವು. ಕ್ಯಾಮರಾದ ಕಡೆಯಿಂದ ಹಾಕಿದ ಬೆಳಕು ಹಬೆಗೆ ಬಡಿದು, ಚಿತ್ರದ ತುಂಬ ಒಂದು ಮಂಕು ಗೋಡೆ ಎದ್ದಿತು. ಸುಮಾ ಪರದೆ ನೋಡಿ, "ಸಾರ್, ಅಪ್ಪ ಕಾಣ್ತಾನೇ ಇಲ್ಲ" ಎಂದಳು. "ದೀಪ ಇನ್ನೂ ಹತ್ತಿರ ತರೋಣ" ಎಂದೆ. ತಂದೆವು. ಕಿತ್ತಳೆ ಬೆಳಕು ನೇರ ಕೊಪ್ಪರಿಗೆಯ ಮೇಲೆ ಬಿತ್ತು. ಟ್ರಾಲಿ ಉರುಳಿತು. ಕೆಂಪಯ್ಯನವರು ನೊರೆ ನೋಡಿ "ಇಳಿಸ್ರಲಾ" ಎಂದು ಕೂಗಿದರು. ಆಳುಗಳು ಕೊಪ್ಪರಿಗೆ ಎತ್ತಿ ಮರದ ತೊಟ್ಟಿಗೆ ಸುರಿದರು.

ಅರ್ಧ ಗಂಟೆ ಕಳೆಯಿತು. ಅಚ್ಚಿಗೆ ತುಂಬಿದ ಬೆಲ್ಲ ಗಟ್ಟಿಯಾಗಲಿಲ್ಲ. ಬೆರಳಿಟ್ಟರೆ ಅಂಟು, ಎತ್ತಿದರೆ ಎಳೆ. ಗಾಣದ ಹತ್ತಿರ ಇದ್ದವರೆಲ್ಲ ಬಂದು ಸುತ್ತ ನಿಂತರು.

"ಏನ್ಲಾ ಕೆಂಪಯ್ಯ, ಮಗಳ ಸಿನಿಮಾಕ್ಕೆ ಈರೋ ಆಗಿ ಪಾಕಾನೇ ಮರ್ತ್ಯಾ?" ಎಂದ ಪುಟ್ಟಸ್ವಾಮಣ್ಣ. ಒಂದಿಬ್ಬರು ನಕ್ಕರು.

ಕೆಂಪಯ್ಯನವರು ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು. "ವಯಸ್ಸಾಯ್ತು ಬುಡಣ್ಣ. ಕಣ್ಣು ಮೋಸ ಮಾಡ್ತು" ಎಂದರು. ದೀಪದ ಮಾತೇ ಎತ್ತಲಿಲ್ಲ. ನಲವತ್ತು ವರ್ಷದ ಹೆಸರನ್ನು ಮಗಳ ಚಿತ್ರಕ್ಕಾಗಿ ಹಾಗೆ ಕೈಬಿಟ್ಟು ನಿಂತ ಮನುಷ್ಯನ ಮುಂದೆ ನಾನು ಟ್ರಾಲಿಯ ಹಳಿ ನೋಡುತ್ತ ನಿಂತೆ.

ಸುಮಾ ನಿಲ್ಲಲಿಲ್ಲ. ಮುಂದಿನ ಕೊಪ್ಪರಿಗೆ ಆಗಲೇ ಕುದಿಯಲು ಶುರುವಾಗಿತ್ತು. ಅವಳು ಉದ್ದ ಹಿಡಿಯ ಸೌಟಿನಲ್ಲಿ ಅದರ ನೊರೆ ಎತ್ತಿ ನಮ್ಮ ದೀಪದ ಕೆಳಗೆ ಹಿಡಿದಳು. ಜೇನಿನ ಬಣ್ಣ, ಹದ ಬಂದ ನೊರೆಯ ಬಣ್ಣ. ಅದೇ ಸೌಟನ್ನು ಬಾಗಿಲ ಬಿಸಿಲಿಗೆ ಒಯ್ದಳು. ಹಾಲಿನಂಥ ಬಿಳುಪು.

"ಪುಟ್ಟಸ್ವಾಮಣ್ಣ, ನೋಡಿ ಇಲ್ಲಿ. ಕೆಟ್ಟಿರೋದು ಅಪ್ಪನ ಕಣ್ಣಲ್ಲ. ನಾವು ಆಕಿದ ಲೈಟು."

ಆಗ ನಾನೂ ಮುಂದೆ ಬಂದೆ. ಬಣ್ಣದ ಹಾಳೆ ಹಾಕಿದ್ದು ನಾನು, ತಣ್ಣೀರ ಬೋಗುಣಿ ಎತ್ತಿಡಿಸಿದ್ದೂ ನಾನು, ತಪ್ಪು ಪೂರ್ತಿ ನನ್ನದು ಎಂದು ಎಲ್ಲರ ಎದುರು ಹೇಳಿದೆ. ಪುಟ್ಟಸ್ವಾಮಣ್ಣ ಸೌಟು ತಾನೇ ಹಿಡಿದು ಒಳಗೂ ಹೊರಗೂ ಎರಡು ಸಲ ಓಡಾಡಿ ನೋಡಿದ. ಕೊನೆಗೆ ಸೌಟು ಕೆಳಗಿಟ್ಟ. "ಇನ್ನೊಂದು ಕೊಪ್ಪರಿಗೆ ಕೊಡ್ತೀನಿ, ಮಧ್ಯಾನ್ದ್ ಮ್ಯಾಲಿಂದು. ಅದೂ ಕೆಟ್ರೆ ನಿಮ್ ಕ್ಯಾಮರಾ ರೋಡಲ್ಲಿರ್ತದೆ, ಇವ್ನು ಒಲೆಗೆ ಸಿಪ್ಪೆ ಆಕಕ್ಕೆ ಓಯ್ತಾನೆ, ಪಾಕ ಬ್ಯಾರೆಯವ್ರು ನೋಡ್ತಾರೆ" ಎಂದ.

ಊಟದ ಹೊತ್ತಿನಲ್ಲಿ ಸುಮಾ ನನ್ನ ಹತ್ತಿರ ಬರಲಿಲ್ಲ. ತಂದೆಯ ಪಕ್ಕ ಮುದ್ದೆ ಮುರಿಯುತ್ತ ಕೂತಳು. ನನಗೆ ಮೂವತ್ತೆಂಟು ವರ್ಷದಲ್ಲಿ ಹೊಳೆಯದ ಪ್ರಶ್ನೆಯನ್ನು ಅವಳು ಕೇಳಿದಳು.

"ಅಪ್ಪ, ನಿಂಗೆ ನೊರೆ ನೋಡಕ್ಕೆ ಬೆಳಕು ಎಲ್ಲಿಂದ ಬರ್ಬೇಕು?"

ಕೆಂಪಯ್ಯನವರ ತುತ್ತು ಅರ್ಧದಲ್ಲೇ ನಿಂತಿತು. ಎದ್ದು ಹೋಗಿ, ಕೊಪ್ಪರಿಗೆಯ ಪೂರ್ವಕ್ಕೆ ತಾವು ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತರು. ಎದುರಿಗೆ, ಪಡುವಣ ಗೋಡೆಯ ಮೇಲೆ, ತಗಡು ಬಿಚ್ಚಿಹೋಗಿ ಒಂದು ಮೊಳದ ಸಂದಿ ಇತ್ತು. "ಅಗಾ, ಅಲ್ಲಿಂದ ಕಣವ್ವ. ನಲವತ್ತು ವರ್ಸದಿಂದ ಇಲ್ಲೇ ನಿಂತ್ಕತೀನಿ. ಯಾಕೆ ಅಂತ ಇವತ್ತೇ ಗೊತ್ತಾಗಿದ್ದು ನಂಗೂವೆ" ಎಂದರು.

ಸುಮಾ ದೀಪಗಳನ್ನೆಲ್ಲ ಆರಿಸಿದಳು. ಟ್ರಾಲಿ ಹಳಿ ಕಳಚಿಸಿದಳು. ಬೋಗುಣಿ ತಂದು ಅದರ ಜಾಗದಲ್ಲೇ ಇಟ್ಟಳು. ಕ್ಯಾಮರಾವನ್ನು ತಂದೆಯ ಬೆನ್ನ ಬಲಕ್ಕೆ ಒಯ್ದು, ಸಂದಿಗೆ ಓರೆಯಾಗಿ ಮುಖ ಮಾಡಿಸಿದಳು. ಈಗ ಬೆಳಕು ಹಬೆಯ ಹಿಂದಿನಿಂದ ಬರುತ್ತದೆ. ಮುಂದಿನಿಂದ ಬಂದರೆ ಗೋಡೆಯಾಗುವ ಹಬೆ, ಹಿಂದಿನಿಂದ ಬೆಳಗಿದರೆ ಎಳೆ ಎಳೆಯಾಗಿ ಕಾಣುತ್ತದೆ. ಇದು ನಾನೇ ತರಗತಿಯಲ್ಲಿ ಹೇಳಿಕೊಟ್ಟ ಪಾಠ. ಕೆಂಪಯ್ಯನವರ ಮುಖಕ್ಕೆ ದೀಪ ಬೇಕಾಗಲಿಲ್ಲ, ಬಿಳಿ ನೊರೆಯೇ ಅವರ ಕೆನ್ನೆಗೆ ಬೆಳಕು ಎರಚುತ್ತಿತ್ತು.

"ಕ್ಯಾಮರಾ ಚಲನೆ?" ಎಂದೆ.

"ಅಪ್ಪ ಎರಡು ಹೆಜ್ಜೆ ಇಟ್ಟು ಬೋಗುಣಿ ಹತ್ರ ಹೋಗ್ತಾರಲ್ಲ, ಆ ಎರಡು ಹೆಜ್ಜೆ ಮಾತ್ರ ಗಿಂಬಲ್ ಸಾರ್. ಮಿಕ್ಕಿದ್ದು ಅಲ್ಲಾಡೋದು ಬೇಡ."

"ಅವರು ಮೂರು ನಾಲ್ಕು ಸಲ ಹೋಗಿ ಬರ್ತಾರೆ. ಹದದ ಸಲ ಯಾವುದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಅಪ್ಪ ಮಾತು ನಿಲ್ಲಿಸ್ತಾರೆ ಸಾರ್."

ಕ್ಯಾಮರಾ ಯಾವಾಗ ಚಲಿಸಬೇಕು, ಯಾವಾಗ ಸುಮ್ಮನಿರಬೇಕು ಎಂದು ನಾನು ಎಷ್ಟೋ ಪಾಠ ಹೇಳಿದ್ದೇನೆ. ಇಂಥ ಸೂಚನೆಯನ್ನು ನಾನು ಎಲ್ಲಿಯೂ ಕೇಳಿರಲಿಲ್ಲ.

ಮೂರು ಗಂಟೆಯ ಬಿಸಿಲು ಸಂದಿಯಿಂದ ಓರೆಯಾಗಿ ಇಳಿಯಿತು. ಹಬೆ ಬೆಳ್ಳಿ ನೂಲಿನಂತೆ ಎದ್ದಿತು. ಕೆಂಪಯ್ಯನವರು ಯಾರದೋ ಬಂಡೂರು ಟಗರು ಬಸ್ಸಿಗೆ ಅಡ್ಡ ನಿಂತ ಕಥೆ ಹೇಳುತ್ತಿದ್ದರು. ಎರಡು ಸಲ ಬೋಗುಣಿಗೆ ಹೋಗಿ ಬಂದರು. ಸುಮಾ ಕದಲಲಿಲ್ಲ. ಕಂಡಕ್ಟರ್ ಬಸ್ಸಿನಿಂದ ಇಳಿದ ಎಂಬಲ್ಲಿಗೆ ಕಥೆ ಬಂದಿತ್ತು. ಅಲ್ಲಿಗೆ ಮಾತು ನಿಂತಿತು.

ಸುಮಾ ಎದ್ದಳು. ಅವರು ಇಟ್ಟ ಹೆಜ್ಜೆಗೆ ಸರಿಯಾಗಿ ಇವಳ ಹೆಜ್ಜೆ, ಉಸಿರಿನ ಸದ್ದೂ ಇಲ್ಲ. ಪಾಕದ ತೊಟ್ಟು ನೀರಿಗೆ ಬಿತ್ತು. ಬೆರಳುಗಳ ನಡುವೆ ಉಂಡೆ ಉರುಳಿತು. ಅವರ ಕಣ್ಣು ಒಮ್ಮೆ ನೊರೆಗೆ ಹೋಗಿ ಬಂತು. "ಇಳಿಸ್ರಲಾ!"

ಮತ್ತೆ ಅರ್ಧ ಗಂಟೆ ಕಾದೆವು. ಕೆಂಪಯ್ಯನವರು ಬೀಡಿ ಹಚ್ಚಿ ಸೇದುವುದನ್ನು ಮರೆತು ಕೂತಿದ್ದರು. ಸುಮಾ ಚಿತ್ರೀಕರಿಸಿದ್ದನ್ನು ತೆರೆದು ನೋಡುವುದಿಲ್ಲ ಎಂದಳು, ಬೆಲ್ಲ ಕೆಟ್ಟರೆ ಅದು ತನಗೂ ಬೇಡವಂತೆ. ಪುಟ್ಟಸ್ವಾಮಣ್ಣ ಒಂದು ಅಚ್ಚು ಕವುಚಿ ಬೆಲ್ಲ ಉದುರಿಸಿ, ಕಲ್ಲಿಗೆ ಕುಟ್ಟಿ ಒಡೆದ. ಮುರಿದ ಅಂಚು ಹೊಂಬಣ್ಣದ ಹರಳು ಹರಳಾಗಿ ಹೊಳೆಯಿತು. ಬಾಯಿಗೆ ಹಾಕಿಕೊಂಡು ಚಪ್ಪರಿಸಿ, "ನಾಳಿಕ್ಕೆ ಬೆಳಿಗ್ಗೆ ಬ್ಯಾಗ ಬಾರ್ಲಾ ಕೆಂಪಯ್ಯ, ಕಬ್ಬು ಜಾಸ್ತಿ ಅದೆ" ಎಂದ. ಅವನ ಬಾಯಲ್ಲಿ ಕ್ಷಮೆ ಕೇಳುವ ಮಾತು ಅದಕ್ಕಿಂತ ಉದ್ದ ಇರುವುದಿಲ್ಲವೆಂದು ಸುಮಾ ಆಮೇಲೆ ನಗುತ್ತ ಹೇಳಿದಳು.

ನನ್ನ ವೃತ್ತಿಯಲ್ಲಿ ದೀಪ ಎಲ್ಲಿಡಲಿ ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಇಲ್ಲಿ ದುಡಿಯುವವರು ಯಾವ ಬೆಳಕನ್ನು ನಂಬಿ ದುಡಿಯುತ್ತಾರೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಅಂದಿನಿಂದ ನನ್ನ ವಿದ್ಯಾರ್ಥಿಗಳು ಜಾಗಕ್ಕೆ ಹೋಗಿ ಒಂದು ದಿನ ಬರಿಗೈಯಲ್ಲಿ ಕೂತು ಬಂದ ಮೇಲೆಯೇ ಸಲಕರಣೆಯ ಪಟ್ಟಿ ಬರೆಯುತ್ತಾರೆ.

ಮಾರ್ಚಿನಲ್ಲಿ ಕಾಲೇಜಿನ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಕೆಂಪಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನನ್ನ ಪಕ್ಕದಲ್ಲೇ ಕೂತಿದ್ದರು. ಕೊನೆಯಲ್ಲಿ ಹೆಸರುಗಳು ಬಂದವು. ಛಾಯಾಗ್ರಹಣ: ಸುಮಾ. ಬೆಳಕು: ಕೆಂಪಯ್ಯ.

"ಇದೇನ್ ಸಾ, ನನ್ನೆಸ್ರು ಆಕವ್ಳೆ? ನಾನೆಲ್ಲಿ ಲೈಟ್ ಆಕ್ದೆ? ಸುಮ್ನೆ ನಿಂತಿದ್ದೆ ಅಷ್ಟೆ" ಎಂದು ಪಿಸುಗುಟ್ಟಿದರು.

"ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದದ್ದು ನಿಮಗೊಬ್ಬರಿಗೇ" ಎಂದೆ.