ಹಂಚಿನ ಕೆಲಸ

ಮಾಮನ ಎಡಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಕೂಡಿ ಬರುತ್ತಿರಲಿಲ್ಲ. ಮುಷ್ಟಿ ಕಟ್ಟಿದರೂ ಅದೊಂದು ಹೊರಗೇ ಉಳಿಯುತ್ತಿತ್ತು. ಚಹಾದ ಗ್ಲಾಸು ಹಿಡಿದಾಗ ದೊಡ್ಡ ಸಾಹೇಬರ ಠೀವಿಯಲ್ಲಿ ಪಕ್ಕಕ್ಕೆ ನೆಟ್ಟಗೆ ನಿಲ್ಲುತ್ತಿತ್ತು. ಕಟ್ಟಡದ ಹೆಂಗಸರು ಅದನ್ನು ನೋಡಿ ನಗುತ್ತಿದ್ದರು, ಮಾಮನೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಬೆರಳು ಮುರಿದವನು ನಾನು.

ಈಗ ನನಗೇ ನಲವತ್ತೈದು ದಾಟಿದೆ. ಬಲ ಭುಜ ಹೇಳಿದ ಮಾತು ಕೇಳುವುದಿಲ್ಲ. ಕಪಾಟಿನ ಮೇಲಿನ ಹಲಗೆಯಿಂದ ಒಂದು ಡಬ್ಬ ತೆಗೆಯಲು ಹೆಂಡತಿಯನ್ನು ಕರೆಯಬೇಕು. "ಡ್ಯಾಡಿ, ನೀವು ನಿಜವಾಗ್ಲೂ ಕ್ವಾರ್ಟರ್‌ಬ್ಯಾಕ್ ಆಗಿದ್ರಾ?" ಎಂದು ಮಗಳು ನನ್ನ ಹೊಟ್ಟೆ ನೋಡಿಕೊಂಡು ಕೇಳುತ್ತಾಳೆ. ಆಗಿದ್ದೆ ಮಾರಾಯ್ತಿ, ಎನ್ನುತ್ತೇನೆ. ಹಾಗೆ ಹೇಳುವಾಗೆಲ್ಲ ಕಣ್ಣ ಮುಂದೆ ಬರುವುದು ಆಟದ ಮೈದಾನವಲ್ಲ. ಬಹರೈನಿನ ಉಮ್ ಅಲ್ ಹಸ್ಸಮ್‌ನಲ್ಲಿ ನಾವಿದ್ದ ನಾಲ್ಕು ಮಾಳಿಗೆಯ ಕಟ್ಟಡ, ಅದರ ಮೆಟ್ಟಿಲ ಕೆಳಗಿನ ಕೋಣೆ, ಅಲ್ಲಿದ್ದ ಹಾರಿಸ್. ಕಟ್ಟಡ ಕಾಯುವವನನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆ. ನಾನು ಮಾಮ ಎನ್ನುತ್ತಿದ್ದೆ.

ಮಾಮ ಬಂಟ್ವಾಳದ ಕಡೆಯವರು, ಮನೆಮಾತು ತುಳು. ನಾವು ಕೊಂಕಣಿ ಮಾತಾಡುವ ಕ್ರೈಸ್ತರು. ನಡುವೆ ಕನ್ನಡ. ಊರಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ನನ್ನ ಅಪ್ಪನನ್ನು 'ಪೊರ್ಬುಗಳೇ' ಎಂದೂ ಅಮ್ಮನನ್ನು 'ಬಾಯಮ್ಮ' ಎಂದೂ ಕರೆಯುತ್ತಿದ್ದರು. ನಾನು 'ಸಣ್ಣ ಪೊರ್ಬು'. ಬೆಳಗಿನ ಜಾವ ಎದ್ದು ನೀರಿನ ಪಂಪು ಹಾಕಿ, ಬಾಡಿಗೆದಾರರ ಕಾರುಗಳನ್ನು ತೊಳೆದು, ಲಿಫ್ಟು ಕೆಟ್ಟ ದಿನ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ನಾಲ್ಕನೇ ಮಾಳಿಗೆಗೆ ಏರಿಸುತ್ತಿದ್ದರು. ಲಿಫ್ಟು ಕೆಡದ ದಿನಗಳು ಕಡಿಮೆ. ಬಿಡುವಾದಾಗ ಬಣ್ಣದ ಖಾಲಿ ಡ್ರಮ್ಮನ್ನು ಮಗುಚಿ ಹಾಕಿ ಅದರ ಮೇಲೆ ಕೂರುತ್ತಿದ್ದರು. ಕೂರುವಾಗ ಒಮ್ಮೆ "ಸಾಕಾಯ್ತು ಮಾರಾಯ" ಎನ್ನುವುದು, ಏಳುವಾಗ ಇನ್ನೊಮ್ಮೆ "ಸಾಕಾಯ್ತು" ಎನ್ನುವುದು. ಅವರು ಹಾಗೆನ್ನದೆ ಎದ್ದದ್ದನ್ನಾಗಲಿ ಕೂತದ್ದನ್ನಾಗಲಿ ನಾನು ನೋಡಿದ್ದೇ ಇಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಅಮ್ಮ ಅಮೆರಿಕನ್ ಪಠ್ಯಕ್ರಮದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು, ಅದರಿಂದಾಗಿ ನನಗೂ ಅಲ್ಲಿ ಸೀಟು ಸಿಕ್ಕಿತ್ತು. ಆ ಶಾಲೆಯಲ್ಲಿ ಆಡುತ್ತಿದ್ದದ್ದು ಅಮೆರಿಕನ್ನರ ಫುಟ್ಬಾಲು, ಅದರಲ್ಲೂ ಮೈಮೇಲೆ ಬಿದ್ದು ಕೆಡವದೆ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಪಟ್ಟಿ ಕಿತ್ತರೆ ಸಾಕಾಗುವಂಥದ್ದು. ಕಾಲಿಗಿಂತ ಕೈಗೇ ಅಲ್ಲಿ ಕೆಲಸ ಜಾಸ್ತಿ. ಒಬ್ಬ ಹಿಂದೆ ನಿಂತು ಚೆಂಡು ತೆಗೆದುಕೊಳ್ಳುತ್ತಾನೆ, ಉಳಿದವರು ಆ ಕಡೆ ಈ ಕಡೆ ಓಡುತ್ತಾರೆ, ಯಾರು ಖಾಲಿ ಇದ್ದಾರೋ ನೋಡಿ ಅವರಿಗೆ ಎಸೆಯುತ್ತಾನೆ. ಆ ಒಬ್ಬನೇ ಕ್ವಾರ್ಟರ್‌ಬ್ಯಾಕ್. ಎರಡು ವರ್ಷ ನಾನು ಆ ಜಾಗಕ್ಕೆ ಎರಡನೆಯವನಾಗಿ ಬೆಂಚು ಬಿಸಿ ಮಾಡಿದ್ದೆ. ಜೂನ್‌ನಲ್ಲಿ ಮೊದಲನೆಯವನ ಅಪ್ಪನಿಗೆ ವರ್ಗವಾಯಿತು, ಹುಡುಗ ಅಮೆರಿಕಕ್ಕೆ ಹೋದ.

ನಾನು ಕುಣಿದಾಡುತ್ತಿದ್ದಾಗ ಕೋಚ್ ನನ್ನನ್ನು ಬದಿಗೆ ಕರೆದರು. ನಿನ್ನಷ್ಟು ಜೋರಾಗಿ ಎಸೆಯುವವರು ಇಲ್ಲಿ ಯಾರೂ ಇಲ್ಲ, ಆದರೆ ನೀನು ಎಸೆದದ್ದನ್ನು ಹಿಡಿಯುವವರೂ ಯಾರೂ ಇಲ್ಲ, ಎಂದರು. ರಜೆ ಮುಗಿದು ಬಂದ ಮೇಲೆ ನೋಡುತ್ತೇನೆ, ಹೀಗೇ ಇದ್ದರೆ ಬೇರೆಯವನನ್ನು ನಿಲ್ಲಿಸುತ್ತೇನೆ, ಎಂದರು. ಮಾತು ಸುಳ್ಳಲ್ಲ. ನನ್ನ ಚೆಂಡು ಹುಡುಗರ ಎದೆಗೆ ಬಡಿದು ಪುಟಿಯುತ್ತಿತ್ತು. ಪುಟಿದಾಗ ನಾನು ಅವರ ಮೇಲೆ ಹಾರಾಡುತ್ತಿದ್ದೆ. ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದ ಫಿಲಿಪಿನೋ ಹುಡುಗನೊಬ್ಬ ನಾನು ಕೈ ಎತ್ತಿದರೆ ಸಾಕು, ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದ. ಅವನು ಹೇಡಿ ಎಂದೇ ನಾನು ತೀರ್ಮಾನಿಸಿದ್ದೆ.

ಆ ಬೇಸಿಗೆ ಅಪ್ಪನಿಗೆ ರಜೆ ಸಿಗಲಿಲ್ಲ, ಊರಿಗೆ ಹೋಗಲಿಲ್ಲ. ಹೊತ್ತೇರಿದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಗೋಡೆಗೆ ಚೆಂಡು ಎಸೆಯುತ್ತಿದ್ದೆ. ಒಂದು ದಿನ ಅದು ಗೋಡೆಗೆ ಬಡಿದು ಹಾರಿ, ಕಾರು ತೊಳೆಯುತ್ತಿದ್ದ ಮಾಮನ ಕಡೆ ಹೋಯಿತು. ಅವರು ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈ ಚಾಚಿ ಹಿಡಿದರು. ಹಿಡಿದ ಸದ್ದೇ ಆಗಲಿಲ್ಲ. ಕೈ ಚೆಂಡಿನ ಜೊತೆಗೇ ಸ್ವಲ್ಪ ಹಿಂದೆ ಹೋಗಿ ನಿಂತಿತು.

"ಇದು ಚೆಂಡಾ? ಸುಲಿದ ತೆಂಗಿನಕಾಯಿ ಹಾಗೆ ಉಂಟಲ್ಲ! ಎಂತ ಆಟ ಇದು ಸಣ್ಣ ಪೊರ್ಬು?"

ನನ್ನ ಕನ್ನಡ ಅಷ್ಟಕ್ಕಷ್ಟೇ. ಕ್ವಾರ್ಟರ್‌ಬ್ಯಾಕ್ ಎಂದರೆ ಏನೆಂದು ಹೇಗೆ ಹೇಳುವುದು? ತಡವರಿಸಿ, "ಚೆಂಡು ಎಲ್ಲರಿಗೂ ಹಂಚುದು ಮಾಮ. ನಂದು ಹಂಚುವ ಕೆಲಸ" ಎಂದೆ.

"ಹಂಚಿನ ಕೆಲಸವಾ?" ಅವರ ಮುಖ ಅರಳಿತು. "ಹಾಗೆ ಹೇಳು. ನಾನು ಹದಿನೈದು ವರ್ಷ ಮಾಡಿದ್ದು ಅದೇ ಅಲ್ವಾ!"

ಅವರು ಊರಿನಲ್ಲಿ ಮನೆಗಳಿಗೆ ಹಂಚು ಹೊದಿಸುತ್ತಿದ್ದವರು. ನಾನು ಹೇಳಿದ ಹಂಚು ಬೇರೆ, ಅವರಿಗೆ ಕೇಳಿಸಿದ ಹಂಚು ಬೇರೆ ಎಂದು ವಿವರಿಸಲು ಹೊರಟು ಸೋತೆ. ಆಮೇಲೆ ಯೋಚಿಸಿದರೆ ಎರಡೂ ಒಂದೇ ಆಗಿತ್ತು. ಕೆಳಗೆ ನಿಂತವನು ಹಂಚುಗಳನ್ನು ಮೇಲಕ್ಕೆ ಎಸೆಯಬೇಕು, ಮಾಡಿನ, ಅಂದರೆ ಛಾವಣಿಯ, ಮರದ ತೊಲೆಯ ಮೇಲೆ ಕೂತವನು ಹಿಡಿದು ಸಾಲಾಗಿ ಇಡುತ್ತಾ ಹೋಗಬೇಕು. ದಿನಕ್ಕೆ ನೂರಾರು. ಮಾಮ ಎಸೆಯುವವರು, ಅವರ ಅಕ್ಕನ ಗಂಡ ಹಿಡಿಯುವವರು.

ಮರುದಿನ ಮಾಮ ನನ್ನನ್ನು ಪಂಪಿನ ಕೋಣೆಯ ಮಾಡಿನ ಮೇಲೆ ಹತ್ತಿಸಿದರು. ಕಟ್ಟಡ ಕಟ್ಟಿದಾಗ ಉಳಿದಿದ್ದ ಬಚ್ಚಲುಮನೆಯ ಟೈಲ್ಸಿನ ರಾಶಿಯೊಂದು ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿತ್ತು. ಅದರಿಂದ ಒಂದೊಂದನ್ನೇ ತೆಗೆದು ನನ್ನ ಕಡೆ ಎಸೆದರು. ಪ್ರತಿಯೊಂದೂ ನನ್ನ ಎದೆಯ ಮಟ್ಟಕ್ಕೆ ಬಂದು, ಇನ್ನೇನು ಕೆಳಗೆ ಹೋಗಬೇಕು ಅನ್ನುವಾಗ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿತ್ತು. ನಾನು ಹಿಡಿಯುವುದೇ ಬೇಡ, ಬರೀ ತೆಗೆದುಕೊಂಡರಾಯಿತು. ಹನ್ನೆರಡಕ್ಕೆ ಹನ್ನೆರಡೂ ಹಿಡಿದೆ. ಬಹಳ ಬೀಗಿದೆ.

"ಬೀಗುದು ಬೇಡ. ಇದರಲ್ಲಿ ನಿಂದೇನೂ ಇಲ್ಲ," ಎಂದರು ಮಾಮ. "ಈಗ ನೀನು ಕೆಳಗೆ ಬಾ."

ಅವರು "ಸಾಕಾಯ್ತು" ಎನ್ನುತ್ತಾ ಮೇಲೆ ಹತ್ತಿದರು. ನಾನು ಎಸೆದೆ. ಒಂದು ಅವರ ತಲೆಯ ಮೇಲಿಂದ ಹೋಯಿತು, ಒಂದು ಗೋಡೆಗೆ ಬಡಿಯಿತು. ಮೂರನೆಯದು ನೆಟ್ಟಗೆ ಅವರ ಕೈಗೇ ಹೋಯಿತು, ಆದರೆ ಅವರು ಕೈಯನ್ನು ಹಿಂದೆಳೆದುಕೊಂಡರು. ಕೆಳಗೆ ಬಿದ್ದು ಚೂರಾಯಿತು.

"ಅದು ಸರಿಯಾಗೇ ಬಂತಲ್ಲ ಮಾಮ! ನೀವೇ ಬಿಟ್ಟದ್ದು!"

"ಹಂಚು ಒಡೆದ್ರೆ ಎಸೆದವನದ್ದೇ ತಪ್ಪು. ಹಿಡಿಯುವವನದ್ದು ಯಾವತ್ತೂ ಅಲ್ಲ. ಅವ ಮರದ ಮೇಲೆ ಕೂತಿದ್ದಾನೆ ಮಾರಾಯ, ಕಾಲಿಗೆ ನೆಲ ಇಲ್ಲ ಅವನಿಗೆ. ನೀನು ನೆಲದಲ್ಲಿ ನಿಂತವ."

ಆ ದಿನ ಆರು ಟೈಲ್ಸು ಒಡೆದೆ. ಗುಡಿಸಿದ್ದು ಅವರೇ.

ಜುಲೈ ಪೂರ್ತಿ, ಆಗಸ್ಟಿನಲ್ಲೂ ಹೀಗೇ ನಡೆಯಿತು. ಟೈಲ್ಸು ಮುಗಿದ ಮೇಲೆ ಚೆಂಡು. ಮೈಯೆಲ್ಲ ಬೆವರಿನಲ್ಲಿ ನೆಂದು, ಆರೂವರೆಗೆಲ್ಲ ಗಾಳಿ ಕಾದ ಕಾವಲಿಯ ಹಾಗೆ ಮುಖಕ್ಕೆ ಬಡಿಯತೊಡಗಿದಾಗ ಅವರು "ಖಲಾಸ್" ಎನ್ನುತ್ತಿದ್ದರು. ಅವರಿಗೆ ಆ ಹೊತ್ತಿಗೆ ಇನ್ನೂ ನಾಲ್ಕು ಕಾರು ತೊಳೆಯುವುದು ಬಾಕಿ ಇರುತ್ತಿತ್ತು. ನಾನು ಮೇಲೆ ಹೋಗಿ ಎಸಿ ಹಾಕಿ ಮಲಗುತ್ತಿದ್ದೆ. ಒಮ್ಮೆಯಾದರೂ ಒಂದು ಬಕೆಟ್ ನೀರು ತಂದುಕೊಡೋಣ ಎಂದು ತೋಚಲಿಲ್ಲ. ಈಗ ನೆನೆಸಿದರೆ ನಾಚಿಕೆಯಾಗುತ್ತದೆ.

ಆಗಸ್ಟಿನ ಕೊನೆಗೆ ಶಾಲೆಯಲ್ಲಿ ಮೊದಲ ಅಭ್ಯಾಸ. ನಾನು ಮೆತ್ತಗೆ ಎಸೆಯಲು ನೋಡಿದೆ, ಆದರೆ ಫಿಲಿಪಿನೋ ಹುಡುಗ ಹಳೆಯ ಹೆದರಿಕೆಯಲ್ಲೇ ಇದ್ದ. ಎರಡು ಸಲ ಬಿಟ್ಟ. ಮೂರನೆಯ ಸಲಕ್ಕೆ ನನ್ನ ತಾಳ್ಮೆ ಮುಗಿಯಿತು, ಎಲ್ಲರೆದುರು ಬಾಯಿಗೆ ಬಂದದ್ದು ಬೈದೆ. ಕೋಚ್ ನನ್ನ ಕೈಯಿಂದ ಚೆಂಡು ತೆಗೆದುಕೊಂಡು ಬೇರೆಯವನಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಮಾಮ ಎಂದಿನಂತೆ ಎದುರು ನಿಂತರು. ಕೋಚ್ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರು ಕೈ ಎತ್ತಿ ಸಿದ್ಧವಾಗುವ ಮೊದಲೇ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಸೆದೆ. ಎಡಗೈ ಮಾತ್ರ ಅಡ್ಡ ಬಂತು. ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು ಕೇಳಿಸಿತು.

ಅವರು ಕೂಗಲಿಲ್ಲ. ಡ್ರಮ್ಮಿನ ಮೇಲೆ ಕೂತು, ಕಾರು ಒರೆಸುವ ಬಟ್ಟೆಯ ಅಂಚು ಹರಿದು ಬೆರಳಿಗೆ ಸುತ್ತಿದರು. ಹಲ್ಲಿನಿಂದ ಗಂಟು ಎಳೆದರು.

"ನನ್ನ ತಪ್ಪು ಮಾಮ," ಎಂದೆ. ಅಳು ಬಂದಿತ್ತು.

"ಹೌದು. ನಿಂದೇ."

ಸಮಾಧಾನದ ಮಾತೊಂದಕ್ಕೆ ನಾನು ಕಾಯುತ್ತಿದ್ದೆ. ಅವರು ಆಡಲಿಲ್ಲ. ಬೆರಳನ್ನೇ ನೋಡುತ್ತಾ ಅವರಾಗಿಯೇ ಹೇಳಿದರು: "ನಾನೂ ಹೀಗೇ ಒಂದು ಎಸೆದಿದ್ದೆ. ಚಹಾ ತಣ್ಣಗಾಗಿತ್ತು ಅಂತ ಜಗಳ. ಅಷ್ಟೇ, ಚಹಾಕ್ಕೆ. ಬಾವ ಮೇಲೆ ಇದ್ರು. ಸಿಟ್ಟಲ್ಲಿ ಎಸೆದೆ. ಅವರು ಹಿಡಿಲಿಕ್ಕೆ ಬಗ್ಗಿದ್ರು, ಕೆಳಗೆ ಬಿದ್ರು. ಸೊಂಟ ಹೋಯ್ತು. ಈಗ್ಲೂ ಕೋಲು ಹಿಡಿದೇ ನಡೆಯುದು."

ಅವರು ಬೆರಳಿನ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದರು.

"ಒಂದು ದಿನವೂ ನನ್ನನ್ನು ಬೈಲಿಲ್ಲ ಅವರು. ಅಕ್ಕನೂ ಬೈಲಿಲ್ಲ. ಊಟಕ್ಕೆ ಕೂತ್ರೆ ಮೀನು ನನಗೇ ಮೊದಲು ಬಡಿಸುದು. ಹೇಗೆ ತಿನ್ನುದು ಹೇಳು? ಬೈದಿದ್ರೆ ನಾನು ಊರಲ್ಲೇ ಇರ್ತಿದ್ದೆ ಮಾರಾಯ, ಈ ಮರಳಿಗೆ ಬರ್ತಿರ್ಲಿಲ್ಲ."

"ಸಾಕಾಯ್ತು" ಎಂದು ಎದ್ದು, ಒಂದೇ ಕೈಯಲ್ಲಿ ಕಾರು ಒರೆಸಲು ಹೋದರು. ಆಸ್ಪತ್ರೆಗೆ ಹೋಗೆಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಪಂಪಿನ ಕೋಣೆಯ ಬಾಗಿಲು ಬಡಿಯಿತು ಬಾಯಮ್ಮ, ಎಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಶಾಲೆಗೆ ಹೋಗಿ ಆ ಫಿಲಿಪಿನೋ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಅವನು ನಂಬಲಿಲ್ಲ. ಅವನನ್ನು ನಂಬಿಸಲು ಮೂರು ವಾರ ಹಿಡಿಯಿತು. ಚೆಂಡು ಬಿದ್ದಾಗೆಲ್ಲ, ಅವನು ಬಿಟ್ಟದ್ದಾದರೂ, 'ನನ್ನ ತಪ್ಪು' ಎಂದು ಕೂಗಿದೆ. ಮೊದಮೊದಲು ಹಲ್ಲು ಕಚ್ಚಿ ಹೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ, ಹೌದಲ್ಲ, ಇನ್ನೊಂದು ಹೆಜ್ಜೆ ಮುಂದಕ್ಕೆ ಎಸೆಯಬೇಕಿತ್ತು ಎಂದು ನನಗೇ ಕಾಣತೊಡಗಿತು. ಒಂದು ದಿನ ಅವನು ಮುಖ ತಿರುಗಿಸದೆ ಹಿಡಿದ. ಆ ವಾರ ಕೋಚ್ ಚೆಂಡನ್ನು ನನ್ನ ಕೈಗೆ ವಾಪಸು ಕೊಟ್ಟರು.

ಮೊದಲ ಪಂದ್ಯ ಗುರುವಾರ ಸಂಜೆ. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು ಗೇಟಿನ ಹತ್ತಿರ ನೆಲದ ಮೇಲೆ ಕೂತಿದ್ದರು. ನಾವು ಸೋತೆವು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ, "ಎಷ್ಟು ಒಡೀತು?"

"ಮೂರು."

"ತೊಂದರೆ ಇಲ್ಲ. ಒಂದು ಮಾಡಿಗೆ ಮೂರು ಒಡೆಯುದು ಉಂಟು."

ಆ ವರ್ಷವೆಲ್ಲ ನಾನೇ ಆಡಿದೆ. ಚಳಿಗಾಲದಲ್ಲಿ ಮಾಮ ಎರಡು ತಿಂಗಳ ರಜೆಗೆ ಊರಿಗೆ ಹೋದರು, ಮತ್ತೆ ಬರಲಿಲ್ಲ. ಬೇರೆ ಹಾರಿಸ್ ಬಂದ. ಕೈ ಹಾಗಾದ ಮೇಲೆ ಸಿಲಿಂಡರ್ ಹೊರಲು ಆಗುತ್ತಿರಲಿಲ್ಲ, ಅದಕ್ಕೇ ಮಾಲೀಕರು ವೀಸಾ ಕ್ಯಾನ್ಸಲ್ ಮಾಡಿಸಿದರು ಎಂದು ಕಟ್ಟಡದಲ್ಲಿ ಯಾರೋ ಹೇಳಿದರು. ಆಟದಲ್ಲಿ ನನಗೆ ಸಿಕ್ಕ ಜಾಗಕ್ಕೆ ಬೆಲೆಯಾಗಿ ಅವರ ಅನ್ನ ಹೋಯಿತು ಎಂದೇ ನಂಬಿದೆ, ಇಪ್ಪತ್ತು ವರ್ಷಕ್ಕೂ ಹೆಚ್ಚು ನಂಬಿದೆ. ಅಪ್ಪ ಅಮ್ಮನಿಗೂ ಹೇಳಲಿಲ್ಲ, ಮದುವೆಯಾದ ಮೇಲೆ ಹೆಂಡತಿಗೂ ಹೇಳಲಿಲ್ಲ. ಬೇರೆಯವರ ತಪ್ಪಿಗೂ 'ನನ್ನ ತಪ್ಪು' ಎನ್ನುವ ಅಭ್ಯಾಸದಿಂದ ಆಫೀಸಿನಲ್ಲಿ ಒಳ್ಳೆಯವನೆಂದು ಹೆಸರು ಬಂದಿತ್ತು. ನಿಜವಾಗಿ ನನ್ನದೇ ಆದ ತಪ್ಪೊಂದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಸೋದರಸಂಬಂಧಿಯ ಮದುವೆಗೆ ಊರಿಗೆ ಹೋದಾಗ ವಿಚಾರಿಸುತ್ತಾ ಮಾಮನ ಮನೆ ಹುಡುಕಿಕೊಂಡು ಹೋದೆ. ಮಾಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಜಗಲಿಯಲ್ಲಿ ಕೋಲು ಪಕ್ಕಕ್ಕಿಟ್ಟು ಕೂತಿದ್ದ ಮುದುಕರು ಯಾರೆಂದು ಹೇಳಬೇಕಾಗಿರಲಿಲ್ಲ.

ನಾನು ಬಹರೈನಿನವನು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬೆರಳು ಮುರಿದ ಪೊರ್ಬು ನೀವೇನಾ?" ಎಂದರು.

"ಹೌದು. ನನ್ನಿಂದ ಅವರ ಕೆಲಸ ಹೋಯ್ತು. ಅದನ್ನು ಹೇಳಿ ಹೋಗ್ಲಿಕ್ಕೆ ಬಂದೆ."

"ಕೆಲಸ ಹೋಯ್ತಾ? ಯಾರು ಹೇಳಿದ್ದು? ಟಿಕೆಟ್ ಇತ್ತು, ವೀಸಾ ಇತ್ತು. ಹೋಗ್ಲಿಲ್ಲ ಅವ." ಅವರು ಕೋಲನ್ನು ತೊಡೆಯ ಮೇಲೆ ಎಳೆದುಕೊಂಡರು. "ರಜೆಗೆ ಬಂದವ ಊಟಕ್ಕೆ ಕೂತಿದ್ದ. ಬೆರಳಿಗೆ ಎಂತ ಆಯ್ತು ಕೇಳಿದೆ. ಒಬ್ಬ ಹುಡುಗ ಸಿಟ್ಟಲ್ಲಿ ಎಸೆದ, ಹಿಡಿಲಿಕ್ಕೆ ಹೋದೆ ಅಂದ. ಅಷ್ಟು ಕೇಳಿದ್ದೇ, ನಂಗೆ ಎಲ್ಲಿತ್ತೋ ಸಿಟ್ಟು! ಈಗ ಗೊತ್ತಾಯ್ತಾ ನಿಂಗೆ, ಹಿಡಿಯುವವನಿಗೆ ಹೇಗಾಗ್ತದೆ ಅಂತ ಗೊತ್ತಾಯ್ತಾ, ಅಂತ ಶುರು ಮಾಡಿದೆ. ಅಷ್ಟು ವರ್ಷದ್ದೂ ಬೈದೆ. ಅನ್ನ ತಣ್ಣಗಾಯ್ತು. ಅವನ ಅಕ್ಕ ಒಳಗಿಂದ ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಅವ ತಲೆ ಬಗ್ಗಿಸಿ ಕೂತಿದ್ದ, ಕಣ್ಣಲ್ಲಿ ನೀರು. ನಂಗೇ ಅಯ್ಯೋ ಅನ್ನಿಸಿ, ಸಾಕಾ ಅಂತ ಕೇಳಿದೆ."

ಮುದುಕರು ಕೋಲನ್ನು ಮತ್ತೆ ಪಕ್ಕಕ್ಕಿಟ್ಟರು.

"ಸಾಕಾಗ್ಲಿಲ್ಲ ಬಾವ, ಇನ್ನೂ ಬೈಯಿರಿ ಅಂದ."