ಮಾದಪ್ಪ ಮೇಷ್ಟ್ರ ಅಂಗೈ

ಮಾದಪ್ಪ ಮೇಷ್ಟ್ರು ಬೈಯುತ್ತಿರಲಿಲ್ಲ. ಅಂಗೈ ಚಾಚುತ್ತಿದ್ದರು, ಅಷ್ಟೆ. ಜೆಸಿಬಿ ಕಲಿಯುವವರು ತಪ್ಪು ಮಾಡಿದರೆ ಕೀ ತೆಗೆದು ಆ ಅಂಗೈಯಲ್ಲಿಟ್ಟು ಕೆಳಗಿಳಿಯಬೇಕು. ಮತ್ತೆ ಯಾವಾಗ ಕೊಡುತ್ತೀರಿ ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಇನ್ನೂ ಎರಡು ದಿನ ತಡ.

ಮೈಸೂರಿನ ರಸ್ತೆಗಳನ್ನು ಅಗೆದೇ ತಲೆ ನರೆತವರು. ಬಾಯಲ್ಲಿ ಸದಾ ಎಲೆಅಡಿಕೆ. ಅಗೆಯುವ ಮೊದಲು ಬೀದಿಯುದ್ದಕ್ಕೂ ಬರಿಗಾಲಲ್ಲಿ ನಡೆದು, ಅಲ್ಲಿ ಎಲ್ಲರಿಗಿಂತ ಹಳಬರು ಯಾರೆಂದು ವಿಚಾರಿಸಿ, ಅವರ ಜಗುಲಿಯಲ್ಲಿ ಕೂತು ಕೇಳುತ್ತಿದ್ದರು: ಪೈಪು ಎಲ್ಲಿ ತಿರುಗುತ್ತದೆ, ಮುಚ್ಚಿದ ಬಾವಿ ಎಲ್ಲಿದೆ?

"ನಕ್ಷೆ ಬರ್ದೋನು ಟ್ರಾನ್ಸ್‌ಫರ್ ಆಗ್ಬುಟ್ಟಿರ್ತಾನೆ ಕಣಮ್ಮ. ಅಜ್ಜಿ ಇಲ್ಲೇ ಇರ್ತಾಳೆ," ಎಂದು ನನಗೆ ಹೇಳುತ್ತಿದ್ದರು.

ಗಾರೆ ಕೆಲಸ ಬಿಟ್ಟು ಕಲಿಯಲು ಬಂದ ನಾನೊಬ್ಬಳೇ ಅವರ ಬಳಿ ಹೆಂಗಸು. ಸಿದ್ಧಾರ್ಥನಗರದಲ್ಲಿ ಮೊದಲ ಸಲ ಚರಂಡಿ ತೋಡಲು ಕೂರಿಸಿದರು. ಜಂಬದಲ್ಲಿ ಯಾರನ್ನೂ ಕೇಳದೆ ಶುರುಮಾಡಿದೆ. ಎದುರುಮನೆಯ ಮುದುಕರೊಬ್ಬರು ಕಿಟಕಿಯಿಂದ ಕೈ ಬೀಸಿದರು. ಹೆಂಗಸು ಗಾಡಿ ಓಡಿಸುವುದು ಕಂಡು ಖುಷಿಪಟ್ಟಿದ್ದಾರೆಂದು ನಾನೂ ಬೀಸಿದೆ. ಮರುಗಳಿಗೆ ಬಕೆಟ್ಟಿನ ಕೆಳಗಿಂದ ನೀರು ಚಿಮ್ಮಿ ಬೀದಿಯೆಲ್ಲ ಕೆರೆಯಾಯಿತು.

ಅಂಗೈ ಬಂತು. "ಅವ್ರು ಟಾಟಾ ಮಾಡ್ಲಿಲ್ಲ ಕಣಮ್ಮ. ಬ್ಯಾಡ ಅಂದ್ರು."

ಹದಿನೆಂಟು ದಿನ ಕೀ ಇಲ್ಲ. ಬೀದಿ ಬೀದಿಯಲ್ಲಿ ಹಳಬರನ್ನು ಹುಡುಕಿ ಮಾತಾಡಿಸುವುದೇ ಕೆಲಸ. ಹತ್ತೊಂಬತ್ತನೆಯ ದಿನ ಕೀ ಬಂತು, ಮಾತು ಬರಲಿಲ್ಲ. ನಾನು ಕಲಿತೆನೋ ಇಲ್ಲವೋ ಎಂದು ಕಡೆಗೂ ಹೇಳದೆ ಅವರು ಕೆಲಸ ಬಿಟ್ಟು ಮನೆ ಸೇರಿದರು. ಅದು ನನ್ನನ್ನು ವರ್ಷಗಟ್ಟಲೆ ಕೊರೆಯಿತು.

ಹೋದ ವರ್ಷ ರಾಜೀವನಗರದಲ್ಲಿ ಪೈಪ್‌ಲೈನ್ ಕೆಲಸ. ಈ ಬೀದಿಗೆ ಹಳಬರು ಯಾರೆಂದು ಕೇಳಿ, ತೋರಿಸಿದ ಮನೆಯ ಬಾಗಿಲು ತಟ್ಟಿದೆ. ತೆರೆದವರು ಮೇಷ್ಟ್ರೇ. ತುಂಬ ಸೊರಗಿದ್ದರು.

"ಕೆಳಗೆ ಏನೈತೆ ಮೇಷ್ಟ್ರೇ?"

ಗೋಡೆ ಹಿಡಿದು ಬರಿಗಾಲಲ್ಲೇ ಬೀದಿಗಿಳಿದರು. ಕೋಲಿನಿಂದ ಮೂರು ಕಡೆ ತೋರಿಸಿದರು. ಇಟ್ಟಿಗೆ ಚೂರಿನಿಂದ ಗೀಟು ಹಾಕಿಕೊಂಡೆ. ಆಮೇಲೆ ಅಂಗೈ ಚಾಚಿದರು. ಇಷ್ಟು ವರ್ಷದ ಮೇಲೂ ಏನೋ ತಪ್ಪು ಮಾಡಿದೆನೆಂದುಕೊಂಡೆ. ಕೀ ತಂದು ಇಟ್ಟೆ. ಒಂದು ಗಳಿಗೆ ಹಿಡಿದುಕೊಂಡಿದ್ದು ವಾಪಸು ಕೊಟ್ಟರು.

"ಕೇಳ್ದ್ಯಲ್ಲ, ಸಾಕು. ಓಗು, ತೋಡು."

ಮೂರು ತಿಂಗಳಿಗೆ ಮೇಷ್ಟ್ರು ಹೋಗಿಬಿಟ್ಟರು. ಮೊನ್ನೆ ಆ ಬೀದಿ ಅಗೆಯಲು ಬಂದ ಹೊಸ ಆಪರೇಟರು ಯಾರನ್ನು ಕೇಳಬೇಕು ಅಂದನಂತೆ. ಅಲ್ಲಿಯವರು ನನ್ನ ನಂಬರು ಕೊಟ್ಟಿದ್ದಾರೆ. ಅವನು ಫೋನ್ ಮಾಡಿದಾಗ ಮೇಷ್ಟ್ರು ತೋರಿಸಿದ ಮೂರು ಜಾಗವನ್ನೂ ಹೇಳಿದೆ.