ಹಿಂದಿನ ಸೀಟಿನ ರೇಣವ್ವ

ಜರಗನಹಳ್ಳಿಯ ಲಕ್ಷ್ಮಿದೇವಮ್ಮನವರ ವಠಾರದಲ್ಲಿ ಕೊನೆಯ ಮನೆ ರೇಣವ್ವನದು. ಆ ಮನೆಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲವೂ ಕ್ಯಾಸೆಟ್ ಡಬ್ಬಿಗಳಲ್ಲಿ ವಾಸವಾಗಿದ್ದವು. ಭಕ್ತಿಗೀತೆಯ ಡಬ್ಬಿ ತೆರೆದರೆ ಅರಿಶಿನ, ಹಾಸ್ಯನಾಟಕದ ಡಬ್ಬಿ ತೆರೆದರೆ ಖಾರದಪುಡಿ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಕೂಡ ಕ್ಯಾಸೆಟ್ಟಿನ ಕಂದು ರೀಲನ್ನು ಜಡೆಯಂತೆ ಹೆಣೆದದ್ದು. ಗಾಳಿ ಬಂದಾಗ ಅದು ಸಣ್ಣಗೆ ಗುಂಯ್‌ಗುಡುತ್ತಿತ್ತು. "ಯಾವ ಹಾಡು ಹೇಳ್ರಿ ನೋಡೋಣು" ಎಂದು ರೇಣವ್ವ ಗಂಡನನ್ನು ಕೆಣಕುತ್ತಿದ್ದಳು. ಗಂಡ ಮೌನೇಶ ನಗುತ್ತಿರಲಿಲ್ಲ.

ನಗುವುದಾದರೂ ಹೇಗೆ? ರೋಣದ ಕಡೆಯ ಹಳ್ಳಿಯಿಂದ ಬಂದ ಈ ಬಿ.ಎ. ಪದವೀಧರ ಬಿಟಿಎಂ ಲೇಔಟಿನಲ್ಲಿ ಕ್ಯಾಸೆಟ್ ಅಂಗಡಿ ತೆರೆದದ್ದು, ಜನ ಸಿ.ಡಿ. ಕೊಳ್ಳಲು ಶುರುಮಾಡಿದ ವರ್ಷವೇ. ಬಂಡವಾಳಕ್ಕೆಂದು ಲಕ್ಷ್ಮಿದೇವಮ್ಮನವರ ಚೀಟಿಯನ್ನು ಮೊದಲ ತಿಂಗಳಲ್ಲೇ ಕೂಗಿ, ದೊಡ್ಡ ಮೊತ್ತ ಕಳೆದುಕೊಂಡು ಎತ್ತಿದ್ದ. ಅಂಗಡಿ ಮುಚ್ಚಿತು. ಚೀಟಿ ಮಾತ್ರ ತಿಂಗಳು ತಿಂಗಳೂ ಬಾಯಿ ತೆರೆದು ಕೂತಿತ್ತು. ಮೌನೇಶ ಈಗ ಜಯನಗರದ ಒಂದು ಕೊರಿಯರ್ ಕಚೇರಿಯಲ್ಲಿ ಗುಮಾಸ್ತ. ರೇಣವ್ವ ಮನೆಯಲ್ಲೇ ಹೊಲಿಗೆ ಯಂತ್ರ ತುಳಿದು, ನಾಲ್ಕನೇ ಬ್ಲಾಕಿನ ಅಂಗಡಿಯೊಂದಕ್ಕೆ ಸೀರೆಗಳಿಗೆ ಫಾಲ್ಸ್ ಹೊಲಿದುಕೊಡುತ್ತಿದ್ದಳು.

ಉಳಿತಾಯದ ಕಾಯಿದೆಗಳನ್ನು ಮಾಡುತ್ತಿದ್ದವನು ಮೌನೇಶ, ಪಾಲಿಸುತ್ತಿದ್ದವಳು ರೇಣವ್ವ. ಅವನು ಸೀಮೆಎಣ್ಣೆ ಉಳಿಸಲು ತಣ್ಣೀರು ಸ್ನಾನದ ಕಾಯಿದೆ ತಂದ, ತಾನೇ ಅದಕ್ಕೆ ಸಿಕ್ಕಿ ವಾರಕ್ಕೊಮ್ಮೆ ಸೀನಿದ. ಅವಳು ಪಕ್ಕದ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತು ಅವರ ಟಿವಿಯ ಧಾರಾವಾಹಿ ಕೇಳುತ್ತಿದ್ದಳು. ಮುಖ ಕಾಣುತ್ತಿರಲಿಲ್ಲವಾದ್ದರಿಂದ ಅತ್ತೆಯ ಪಾತ್ರಕ್ಕೆ ತನ್ನ ಅತ್ತೆಯನ್ನೇ ಹಾಕಿಕೊಂಡಿದ್ದಳು. ಧಾರಾವಾಹಿ ಇನ್ನಷ್ಟು ರುಚಿಯಾಗಿತ್ತು.

ಒಂದು ಬೆಳಿಗ್ಗೆ ಲಕ್ಷ್ಮಿದೇವಮ್ಮನವರು ಸೆರಗಿನ ತುದಿಯಲ್ಲಿ ಬೀಗದ ಕೈ ಗೊಂಚಲು ಆಡಿಸುತ್ತಾ ಬಾಗಿಲಿಗೆ ಬಂದರು.

"ಏನ್ ರೇಣಮ್ಮಾ, ಈ ತಿಂಗಳದ್ದು?"

ರೇಣವ್ವನನ್ನು ರೇಣಮ್ಮ ಮಾಡಿಕೊಂಡಿದ್ದರು ಅವರು. ಬೆಂಗಳೂರಿಗೆ ಬಂದ ಮೇಲೆ ಹೆಸರೂ ಬಾಡಿಗೆಯದ್ದು ಎಂದು ಅವಳು ಸುಮ್ಮನಿದ್ದಳು.

"ಶನಿವಾರ ಸೀರಿ ರೊಕ್ಕ ಬರತೈತ್ರಿ ಅಮ್ಮಾರೆ."

"ಬರತ್ತೆ ಬರತ್ತೆ, ಬಂದಿದ್ದೇ ನಾನು ನೋಡಿಲ್ಲ. ಇಲ್ಲಿ ಕೇಳು. ನಮ್ಮ ವ್ಯಾನ್ ಓಡಿಸೋನು ಬಿಟ್ಟುಹೋದ ಕಣಮ್ಮಾ. ತಲಘಟ್ಟಪುರದ ತೋಟದಿಂದ ದಿನಾ ಸೊಪ್ಪು ಜಯನಗರದ ಮಾರ್ಕೆಟ್ಟಿಗೆ ಹೋಗ್ಬೇಕು. ಸದ್ಯಕ್ಕೆ ಬೇಗೂರಿನ ನನ್ನ ತಮ್ಮನ ಮಗ ಓಡಿಸ್ತಾವ್ನೆ, ದಿನಾ ಒಂದು ಕಡೆ ಗುದ್ಕೊಂಡ್ ಬರ್ತಾನೆ. ನಿಮ್ಮನೇಲಿ ಯಾರಾದ್ರೂ ಡ್ರೈವಿಂಗ್ ಕಲ್ತು ಲೈಸೆನ್ಸ್ ತಂದ್ರೆ, ಬೆಳಿಗ್ಗೆ ಎರಡು ಗಂಟೆ ಕೆಲಸ. ಸಂಬಳ ಕೈಗೆ ಕೊಡಲ್ಲ, ಚೀಟಿಗೆ ಮುರ್ಕೊತೀನಿ. ವರ್ಷದೊಳಗೆ ತೀರೋಗತ್ತೆ. ಆಯುಧಪೂಜೆವರ್ಗೂ ಕಾಯ್ತೀನಿ. ಆಗ್ಲಿಲ್ಲ ಅಂದ್ರೆ ವ್ಯಾನ್ ಬೇರೆಯವರಿಗೆ. ನಿನ್ನ ಹೊಲಿಗೆ ಮಿಷನ್ನು ನನಗೆ."

ಹೊಲಿಗೆ ಯಂತ್ರದ ಮಾತು ಬಂದದ್ದೇ ರೇಣವ್ವ ತಿರುಗಿ ಒಳಗಿದ್ದ ಯಂತ್ರವನ್ನು ನೋಡಿದಳು. ಅದು ತವರಿನವರು ಕೊಟ್ಟದ್ದು. ಅದು ಹೋದರೆ ಮನೆಯ ಅರ್ಧ ಅನ್ನ ಹೋದಂತೆ.

ಅದೇ ವಾರ ಅಣ್ಣಮ್ಮ ಡ್ರೈವಿಂಗ್ ಸ್ಕೂಲಿಗೆ ಮೌನೇಶ ಸೇರಿದ. ಸ್ಕೂಲು ಎಂದರೆ ಒಂದು ಹಳೆಯ ಮಾರುತಿ ಕಾರು ಮತ್ತು ಅದರ ಮಾಲೀಕ, ಮೇಷ್ಟ್ರು, ಕ್ಲೀನರ್ ಮೂರೂ ಆಗಿದ್ದ ಸೀನು. ಬೋರ್ಡಿನಲ್ಲಿ ಹಬ್ಬದ ಆಫರ್ ಬರೆದಿತ್ತು: ಒಬ್ಬರು ಕೋರ್ಸಿಗೆ ಸೇರಿದರೆ ಮನೆಯ ಇನ್ನೊಬ್ಬರಿಗೆ ಎಲ್‌ಎಲ್‌ಆರ್ ಮತ್ತು ಟೆಸ್ಟಿನ ಅರ್ಜಿ ಉಚಿತ.

"ನಂದೂ ಮಾಡಿಸ್ರಿ" ಎಂದಳು ರೇಣವ್ವ.

"ನಿನಗ್ಯಾಕ ಅದು?"

"ಫ್ರೀ ಐತಲ್ರೀ!"

ಮೌನೇಶ ಅವಳ ಹೆಸರನ್ನೂ ಬರೆಸಿದ. ಉಚಿತವಾಗಿ ಬರುವುದನ್ನು ಬಿಡುವುದು ಅವನದೇ ಕಾಯಿದೆಗೆ ವಿರುದ್ಧ.

ಮೊದಲ ದಿನ ಕಾರು ವಠಾರದ ಮುಂದೆ ಬಂದು ನಿಂತಾಗ, ಮೌನೇಶನ ಹಿಂದೆಯೇ ರೇಣವ್ವ ಸೀರೆಗಳ ಗಂಟು ಹೊತ್ತು ಬಂದು ಹಿಂದಿನ ಸೀಟಿನಲ್ಲಿ ಕೂತಳು.

"ಮೇಡಂ, ನೀವು ಎಲ್ಲಿಗೆ?" ಎಂದ ಸೀನು.

"ನಾಕನೇ ಬ್ಲಾಕಿಗ್ರಿ. ನೀವು ಹೆಂಗೂ ಇವರಿಗೆ ರಸ್ತೆ ಮ್ಯಾಲೆ ಕಲಸ್ತೀರಿ. ಯಾವ ರಸ್ತೆ ಆದ್ರೇನು, ಸಾರಕ್ಕಿ ಮ್ಯಾಲೆ ಹಾದು ಜಯನಗರದಾಗ ಕಲಸ್ರಿ. ಇವರ ಆಫೀಸೂ ಅಲ್ಲೇ ಐತಿ."

"ಮೇಡಂ, ಇದು ಡ್ರೈವಿಂಗ್ ಸ್ಕೂಲು, ಆಟೋ ಅಲ್ಲ!"

"ಆಟೋ ಆಗಿದ್ರ ಮೀಟರ್ ಇರತಿತ್ತಲ್ರಿ" ಎಂದು ರೇಣವ್ವ ಬಾಗಿಲು ಎಳೆದುಕೊಂಡಳು.

ಹೀಗೆ ಗಂಡ ಹೆಂಡತಿಯ ಬಸ್ ಚಾರ್ಜು ಉಳಿಯತೊಡಗಿತು. ಸೀನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಅವನಿಗೂ ಒಂದು ಲಾಭ ಸಿಕ್ಕಿತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಂದದ್ದೇ ಮೌನೇಶ ಟಕ್ಕನೆ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದ.

"ಯಾಕ್ ಸಾರ್ ಆಫ್ ಮಾಡಿದ್ರಿ?"

"ನಿಂತಲ್ಲೇ ಪೆಟ್ರೋಲ್ ಉರಿಯತೈತಲ್ರಿ. ನನ್ನ ಹೊಟ್ಟಿ ಉರಿದಂಗ ಆಗತೈತಿ."

ಸೀನುವಿನ ಕಣ್ಣು ತುಂಬಿ ಬಂತು. "ಸಾರ್, ಇಷ್ಟು ವರ್ಷದಲ್ಲಿ ನನ್ನ ಕಷ್ಟ ಅರ್ಥ ಮಾಡ್ಕೊಂಡ ಸ್ಟೂಡೆಂಟು ನೀವೊಬ್ಬರೇ. ಹೀಗೇ ಇರಿ ಗುರು!"

ಆಮೇಲೆ ಕೇಳಬೇಕೆ? ಸಿಗ್ನಲ್ಲಿನಲ್ಲಿ, ಹಸು ಅಡ್ಡ ಬಂದಲ್ಲಿ, ಇಳಿಜಾರಿನಲ್ಲಿ, ಕಾರು ನಿಧಾನವಾದಲ್ಲೆಲ್ಲ ಮೌನೇಶನ ಕೈ ಕೀಲಿಗೆ ಹೋಗುತ್ತಿತ್ತು. ಸೀನು "ಸಖತ್ ಸಾರ್" ಎನ್ನುತ್ತಿದ್ದ. ಇಂಥ ಹೊಗಳಿಕೆ ಮೌನೇಶನಿಗೆ ಕ್ಯಾಸೆಟ್ ಅಂಗಡಿಯ ಉದ್ಘಾಟನೆಯ ದಿನದ ನಂತರ ಸಿಕ್ಕಿರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಿನ ಕೆಳಗೂ ಕ್ಲಚ್ಚು, ಬ್ರೇಕು ಇರುತ್ತವೆ. ಸೀನು ತನ್ನ ಕಾರಿನ ಮೇಲಿನ ಮಮತೆಯಿಂದ ಆ ಎರಡನ್ನೂ ಸದಾ ತಾನೇ ತುಳಿಯುತ್ತಿದ್ದ. ಮೌನೇಶ ಸ್ಟಿಯರಿಂಗ್ ತಿರುಗಿಸುತ್ತಾ, ತಾನೇ ಕಾರು ನಿಲ್ಲಿಸಿದೆ, ತಾನೇ ಹೊರಡಿಸಿದೆ ಎಂದು ನಂಬಿಕೊಂಡಿದ್ದ. ಆದರೆ ಗಂಡನ ಬೆನ್ನ ಹಿಂದೆ ಕೂತಿದ್ದ ರೇಣವ್ವನಿಗೆ ಗಂಡನ ಕಾಲು ಕಾಣುತ್ತಿರಲಿಲ್ಲ. ಎರಡು ಸೀಟುಗಳ ಸಂದಿಯಲ್ಲಿ ಓರೆಯಾಗಿ ಕಾಣುತ್ತಿದ್ದದ್ದು ಸೀನುವಿನ ಕಾಲು. ಹವಾಯಿ ಚಪ್ಪಲಿಯ ಆ ಕಾಲು ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲಿಸುತ್ತದೆ, ಗುಂಡಿ ಬಂದಾಗ ಹೇಗೆ ತಡೆದು ತಡೆದು ಬಿಡುತ್ತದೆ ಎನ್ನುವುದನ್ನು, ಟಿವಿಯಿಲ್ಲದ ಆ ಹೆಂಗಸು ಧಾರಾವಾಹಿಯ ಹಾಗೆ ದಿನವೂ ನೋಡಿದಳು. ಮನೆಗೆ ಬಂದು ಹೊಲಿಗೆ ಯಂತ್ರದ ಪೆಡಲಿನ ಮೇಲೆ ಅದನ್ನೇ ಮಾಡಿನೋಡಿದಳು. ನಾಜೂಕು ಸೀರೆಗೆ ಪೆಡಲನ್ನು ಅರ್ಧ ತುಳಿದು ಅರ್ಧ ಬಿಡುವುದು ಅವಳಿಗೆ ಹೊಸದಲ್ಲ. ಕೈಯಲ್ಲಿ ರೊಟ್ಟಿ ತಟ್ಟುವ ಹರಿವಾಣ ಹಿಡಿದು ತಿರುಗಿಸುತ್ತಾ, ಬಾಯಲ್ಲಿ ಬುರ್ರೆನ್ನುತ್ತಾ ಕೂತಾಗ ಪಕ್ಕದ ಮನೆಯ ಕಾತ್ಯಾಯಿನಿ ಇಣುಕಿ, "ಏನ್ರೀ ಅದು, ಹುಷಾರಿದೀರಾ?" ಎಂದಳು.

"ಸೀರಿ ಹೊಲಿಯಾಕತ್ತೀನ್ರಿ" ಎಂದಳು ರೇಣವ್ವ, ಹರಿವಾಣವನ್ನು ಬೆನ್ನ ಹಿಂದೆ ಸರಿಸಿ.

ಇಷ್ಟರಲ್ಲಿ ತಣ್ಣೀರು ಸ್ನಾನ ತನ್ನ ಕೆಲಸ ಮಾಡಿತು. ಮೌನೇಶನಿಗೆ ಜ್ವರ ಬಂತು. ಹೊರಗೆ ಸೀನು ಹಾರ್ನ್ ಹೊಡೆದ. ರೇಣವ್ವ ಗಂಡನಿಗೆ ಕಂಬಳಿ ಹೊದಿಸಿ, ಗಂಟು ಎತ್ತಿಕೊಂಡು ಹೋಗಿ, ಈ ಸಲ ಮುಂದಿನ ಬಾಗಿಲು ತೆಗೆದಳು.

"ಸಾರ್ ಎಲ್ಲಿ ಮೇಡಂ?"

"ಜ್ವರ. ಕ್ಲಾಸಿಗೆ ರೊಕ್ಕ ಕೊಟ್ಟಾಗೈತಲ್ರಿ, ಹಾಳ್ ಮಾಡಾಕ ಬರತೈತೇನು? ನನ್ನ ಹತ್ರಾನೂ ಎಲ್‌ಎಲ್‌ಆರ್ ಐತಿ."

ಆ ದಿನ ಕಾರು ನಾಲ್ಕು ಸಲ ಜಿಗಿದು ನಿಂತಿತು. ಐದನೇ ಸಲ ಹೊರಟಿತು. ಸೀನು ಎಂದಿನಂತೆ ಬ್ರೇಕ್ ತುಳಿಯಲು ಹೋದರೆ ರೇಣವ್ವ, "ನಿಮ್ಮ ಕಾಲು ಆ ಕಡೆ ಇಟಗೋರಿ. ನಿಮ್ಮ ಕಾಲು ನೋಡಿ ನೋಡಿ ನನಗ ಸಾಕಾಗೈತಿ" ಎಂದಳು. ಅದರ ಅರ್ಥ ಸೀನುವಿಗೆ ಆಗಲಿಲ್ಲ. ಹೆದರಿ ಕಾಲು ಮಡಚಿಕೊಂಡ. ಮುಂದೆ ಗಂಡನಿಗೆ ನೆಗಡಿಯಾದಾಗಲೆಲ್ಲ ಹೆಂಡತಿ ಮುಂದಿನ ಸೀಟಿಗೆ ಬಡ್ತಿ ಪಡೆದಳು. ಬೆಳಿಗ್ಗೆ ಮೌನೇಶ "ಇವತ್ತೊಂದಿನ ಬಿಸಿನೀರು ಕಾಸಲೇನು?" ಎಂದರೆ, "ಸೀಮಿಎಣ್ಣಿ ತುಟ್ಟಿ ಆಗೈತ್ರಿ" ಎಂದು ಅವಳು ಅವನ ಕಾಯಿದೆಯನ್ನು ಅವನಿಗೇ ಒಪ್ಪಿಸುತ್ತಿದ್ದಳು.

ಆಯುಧಪೂಜೆಗೆ ಮೂರು ದಿನ ಇರುವಾಗ ಟೆಸ್ಟು. ಮೈದಾನದ ಪಕ್ಕದಲ್ಲಿ ಒಂದು ಏರು ರಸ್ತೆ. ನಡುವೆ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡಬೇಕು. ಇನ್‌ಸ್ಪೆಕ್ಟರ್ ಸಾಹೇಬರು ಸೀನುವಿನ ಜಾಗದಲ್ಲಿ ಕೂತರು. ಬೆಳಿಗ್ಗೆಯಿಂದ ಹೊಸಬರ ಪಕ್ಕದಲ್ಲಿ ಕೂತು ಕೂತು ಅವರ ಮುಖ ಸುಕ್ಕಾಗಿತ್ತು. ಮೌನೇಶ ದೇವರನ್ನು ನೆನೆದು ಹೊರಟ. ಏರಿನ ನಡುವೆ "ನಿಲ್ಸಿ" ಎಂದರು ಸಾಹೇಬರು. ನಿಲ್ಲಿಸಿದ. ಕೈ ತಾನಾಗಿ ಕೀಲಿಗೆ ಹೋಯಿತು. ಇಂಜಿನ್ ಆಫ್. ನ್ಯೂಟ್ರಲ್ ಮಾಡಿ, ಪೆಟ್ರೋಲ್ ಉಳಿಸಿದ ಸಂತೃಪ್ತಿಯಲ್ಲಿ ಬ್ರೇಕಿನಿಂದ ಕಾಲು ತೆಗೆದು ಸಾಹೇಬರ ಕಡೆ ನೋಡಿ ಮುಗುಳ್ನಕ್ಕ. ಸಿಗ್ನಲ್ಲಿನಲ್ಲಿ ಹಾಗೆ ಮಾಡಿದಾಗ ಕಾರು ನಿಂತೇ ಇರುತ್ತಿತ್ತು. ಸೀನುವಿನ ಹವಾಯಿ ಚಪ್ಪಲಿ ಇರುತ್ತಿತ್ತಲ್ಲ.

ಕಾರು ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

"ರೀ! ರೀ! ಬ್ರೇಕ್!" ಎಂದು ಕೆಳಗಿನಿಂದ ಸೀನು ಓಡಿಬಂದ. ಕಾರಿಗಿಂತ ಹೆಚ್ಚಾಗಿ ಅವನು ಹೆದರಿದ್ದು, ಅದರ ದಾರಿಯಲ್ಲಿ ನಿಲ್ಲಿಸಿದ್ದ ತನ್ನ ಸ್ಕೂಟರಿಗಾಗಿ. ಸ್ಕೂಟರು ಮಲಗಿದ ಮೇಲೆ ಸಾಹೇಬರ ಕಾಲಿಗೆ ಬ್ರೇಕು ಸಿಕ್ಕಿತು.

"ಗಾಡಿ ಯಾಕಯ್ಯಾ ಆಫ್ ಮಾಡಿದೆ?"

"ಪೆಟ್ರೋಲ್ ಸಾರ್..."

"ಯಾರದ್ದು ಪೆಟ್ರೋಲು?"

ಮೌನೇಶ ಸೀನುವಿನ ಕಡೆ ನೋಡಿದ. ಸೀನು ಸ್ಕೂಟರಿನ ಕಡೆ ನೋಡಿದ. ಸಾಹೇಬರು ಮೌನೇಶನ ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. "ಇನ್ನೊಂದು ತಿಂಗಳು ಬಿಟ್ಟು ಬಾ."

ಇನ್ನೊಂದು ತಿಂಗಳು! ಆಯುಧಪೂಜೆ ಆ ಹೊತ್ತಿಗೆ ಮುಗಿದು, ವ್ಯಾನೂ ಹೋಗಿ, ಹೊಲಿಗೆ ಯಂತ್ರ ಲಕ್ಷ್ಮಿದೇವಮ್ಮನವರ ಹಜಾರದಲ್ಲಿರುತ್ತದೆ. ಮೌನೇಶ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಅವನ ಮುಖ ನೋಡಿ ರೇಣವ್ವನಿಗೆ ಮೊದಲ ಬಾರಿ ತಮಾಷೆ ಹೊಳೆಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಏಳ್ರಿ. ಫ್ರೀ ಅರ್ಜಿ ಒಂದು ಉಳದೈತಿ" ಎಂದಳು.

ಸಾಹೇಬರ ಪಕ್ಕ ಕೂತು ಕಾರು ಹೊರಡಿಸಿದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಏರಿಗೆ ಬಂದಳು. "ನಿಲ್ಸಮ್ಮಾ." ನಿಲ್ಲಿಸಿದಳು. ಇಂಜಿನ್ ಗುರುಗುಡುತ್ತಲೇ ಇತ್ತು. ನಿಂತಲ್ಲೇ ಉರಿಯುವ ಪೆಟ್ರೋಲು! ಬಲಗೈ ತುರಿಸಿತು, ಕೀಲಿಯ ಹತ್ತಿರಕ್ಕೂ ಹೋಯಿತು. ಸಾಹೇಬರು ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದರು. ರೇಣವ್ವ ಆ ಕೈಯನ್ನು ಎಳೆದು ತಂದು ಸ್ಟಿಯರಿಂಗಿಗೆ ಅಂಟಿಸಿದಳು. ಇದು ಯಾರದೋ ರೇಷ್ಮೆ ಸೀರೆ, ಸೂಜಿ ಅಂಚಿನ ಮೇಲಿದೆ ಎಂದುಕೊಂಡು ಕ್ಲಚ್ಚನ್ನು ಅರ್ಧ ಬಿಟ್ಟಳು. ಕಾರು ನಡುಗಿತು, ಮೂಗು ಎತ್ತಿತು. ಬ್ರೇಕಿನಿಂದ ಕಾಲು ತೆಗೆದಳು. ಒಂದು ಬೆರಳಿನಷ್ಟೂ ಜಾರದೆ ಕಾರು ಮೇಲಕ್ಕೆ ಹೋಯಿತು.

"ಯಾರಮ್ಮಾ ನಿನಗೆ ಕಲ್ಸಿದ್ದು?" ಎಂದರು ಸಾಹೇಬರು.

"ಸೀನಪ್ಪನ ಕಾಲ್ರಿ."

ಸಾಹೇಬರು ಮತ್ತೇನೂ ಕೇಳದೆ ಸಹಿ ಹಾಕಿದರು.

ಆಯುಧಪೂಜೆಯ ಬೆಳಿಗ್ಗೆ ಲಕ್ಷ್ಮಿದೇವಮ್ಮನವರು ವ್ಯಾನಿಗೆ ಬೂದುಗುಂಬಳಕಾಯಿ ಇಳಿತೆಗೆಯುತ್ತಿದ್ದಾಗ ರೇಣವ್ವ ಪಾಸಾದ ಚೀಟಿ ಹಿಡಿದು ಮುಂದೆ ನಿಂತಳು.

"ನಿನ್ನ ಗಂಡ ಎಲ್ಲಮ್ಮಾ? ನಾನು ಗಂಡಸು ಓಡಿಸ್ತಾನೆ ಅಂದ್ಕೊಂಡಿದ್ದೆ."

"'ನಿಮ್ಮನೇಲಿ ಯಾರಾದ್ರೂ' ಅಂದಿದ್ರಿ ಅಮ್ಮಾರೆ. ನಾನು ಅದೇ ಮನ್ಯಾಗ ಇರತೀನಿ."

"ಹೆಂಗಸು ವ್ಯಾನ್ ಓಡ್ಸಿದ್ರೆ ಮಾರ್ಕೆಟ್ನೋರು ಏನಂತಾರೆ?"

"ಗುದ್ದಲಿಲ್ಲ ಅಂತಾರ್ರಿ" ಎಂದಳು ರೇಣವ್ವ, ಬೇಗೂರಿನ ಸೋದರಳಿಯ ಮುದ್ದೆ ಮಾಡಿದ್ದ ಬಂಪರನ್ನು ಮೆಲ್ಲಗೆ ಸವರುತ್ತಾ. ಲಕ್ಷ್ಮಿದೇವಮ್ಮನವರು ಬಂಪರನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಸೆರಗಿನ ಗೊಂಚಲಿನಿಂದ ಕೀಲಿ ಬಿಚ್ಚಿಕೊಟ್ಟರು.

ಸುದ್ದಿ ತಿಳಿದ ಸೀನು ಅರ್ಧ ಫೀಸು ಕೇಳಲು ಬಂದ. "ಒಂದು ಫೀಸಲ್ಲಿ ಇಬ್ರು ಕಲಿತ್ರಲ್ಲ ಮೇಡಂ, ನ್ಯಾಯಾನಾ?"

"ಇಬ್ಬರೆಲ್ಲಿ ಸೀನಪ್ಪಾ, ಕಲತದ್ದು ನಾನೊಬ್ಬಾಕಿ. ಇವರ ಫೀಸು ವಾಪಸ್ ಕೊಡತೀಯೇನು?" ಸೀನು ಎರಡು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡು ಹೊರಟುಹೋದ.

ಬೆಳಗಾಗುವ ಹೊತ್ತಿಗೆ ಕನಕಪುರ ರಸ್ತೆಯಲ್ಲಿ ಮುಂದೆ ರೇಣವ್ವ, ಹಿಂದೆ ಕೊತ್ತಂಬರಿ ಮೂಟೆಗಳ ನಡುವೆ ಮೌನೇಶ. ಮೂಟೆ ಇಳಿಸಿ ಹಾಗೇ ಆಫೀಸಿಗೆ ಹೋದರೆ ಬಸ್ ಚಾರ್ಜು ಉಳಿಯುತ್ತದೆ ಎಂಬುದು ಹೊಸ ಕಾಯಿದೆ. ಕೋಣನಕುಂಟೆಯ ಇಳಿಜಾರು ಬಂದಾಗಲೆಲ್ಲ ಹಿಂದಿನಿಂದ ಅವನ ಕೈ ಕೀಲಿಯ ಕಡೆ ಬರುತ್ತಿತ್ತು. ರೇಣವ್ವ ಅದರ ಮೇಲೆ ಛಟೀರನೆ ಹೊಡೆಯುತ್ತಿದ್ದಳು.

"ಪೆಟ್ರೋಲ್ ಅಮ್ಮಾರದೈತಿ. ಸುಮ್ಮನ ಕೂಡ್ರಿ."

ವರ್ಷ ಕಳೆಯಿತು. ಲಕ್ಷ್ಮಿದೇವಮ್ಮನವರು ಕೊನೆಯ ಕಂತು ಮುರಿದುಕೊಂಡು, "ತೀರ್ತು ಕಣಮ್ಮಾ. ಇನ್ನು ಕೆಲಸ ಬಿಡ್ತೀಯಾ?" ಎಂದರು. ಧ್ವನಿಯಲ್ಲಿ ಅಳುಕಿತ್ತು. ಈ ವರ್ಷ ವ್ಯಾನಿಗೆ ಒಂದು ಗೀರೂ ಬಿದ್ದಿರಲಿಲ್ಲ.

ರೇಣವ್ವ ಆ ರಾತ್ರಿ ಗಂಡನಿಗೆ ಬಿಸಿನೀರು ಕಾಸಿದಳು. ಹಂಡೆ ತುಂಬ. ಮೌನೇಶನಿಗೆ ಆಗಲೇ ಅನುಮಾನ ಬರಬೇಕಿತ್ತು. ಮರುದಿನ ತಿಳಿಯಿತು, ಅವಳು ಅದೇ ವ್ಯಾನನ್ನು ಲಕ್ಷ್ಮಿದೇವಮ್ಮನವರಿಂದಲೇ ಕೊಂಡಿದ್ದಾಳೆ, ಅವರದೇ ಹೊಸ ಚೀಟಿಗೆ ಸೇರಿ. ಆದರೆ ಮೊದಲ ತಿಂಗಳಲ್ಲಲ್ಲ, ಎಲ್ಲರೂ ಹಬ್ಬದ ಖರ್ಚಿಗೆ ಎತ್ತಿಕೊಂಡು ಸುಸ್ತಾದ ಮೇಲೆ ಕೂಗುವವರಿಲ್ಲದ ತಿಂಗಳಲ್ಲಿ ಎತ್ತುವುದೆಂದು ಮೊದಲೇ ಮಾತಾಡಿಕೊಂಡು.

"ಮತ್ತ ಸಾಲ?" ಎಂದು ಮೌನೇಶ ತಲೆಯ ಮೇಲೆ ಕೈ ಹೊತ್ತ.

"ಈ ಸಲದ್ದು ಓಡೋ ಸಾಲ ಐತ್ರಿ. ಹಾಡೋದಲ್ಲ. ಹತ್ರಿ."

ಕೋಣನಕುಂಟೆಯ ಇಳಿಜಾರು ಬಂತು. ಮೌನೇಶ ಪೆಟ್ಟು ತಿಂದ ಅನುಭವದಿಂದ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ರೇಣವ್ವ ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲವೆಂದು ನೋಡಿದಳು. ಬ್ರೇಕನ್ನೊಮ್ಮೆ ಒತ್ತಿ ಪರೀಕ್ಷಿಸಿದಳು. ಆಮೇಲೆ ಟಕ್ಕನೆ ತಾನೇ ಕೀಲಿ ತಿರುಗಿಸಿದಳು. ಇಂಜಿನ್ ಸದ್ದು ನಿಂತಿತು. ಕೊತ್ತಂಬರಿಯ ವಾಸನೆ ಹೊತ್ತ ವ್ಯಾನು ಬೆಳಗಿನ ತಂಗಾಳಿಯಲ್ಲಿ ಸರ್ರನೆ ಇಳಿಯತೊಡಗಿತು. ವ್ಯಾನಿನ ಕಿಟಕಿ ಸರಳುಗಳ ಸಂದಿಯಲ್ಲಿ ಗಾಳಿ ಗುಂಯ್‌ಗುಟ್ಟಿತು.

"ಯಾವ ಹಾಡು ಹೇಳ್ರಿ ನೋಡೋಣು" ಎಂದಳು.

ಮೌನೇಶ ಈ ಸಲ ನಕ್ಕುಬಿಟ್ಟ.